ಫ್ಯೂಸ್ ಇದ್ರೂ ಮೋಟರ್ ಯಾಕೆ ಸುಡುತ್ತೆ? ಕ್ಯಾಂಪರ್, ಟ್ರೇಲರ್ ಮೋಟರ್ ಸರ್ಕ್ಯೂಟ್ ಟಿಪ್ಪಣಿ

ಅಮೆರಿಕದಲ್ಲಿ ಆರ್‌ವಿ (ಒಳಗೇ ಇರೋಕೆ, ಮಲಗೋಕೆ ಆಗೋ ಕ್ಯಾಂಪರ್, ಟ್ರೇಲರ್ ಥರದ ಗಾಡಿ) ರಿಪೇರಿ ಕೆಲಸಕ್ಕೆ ಓದ್ತಿರೋರಿಗೆ ಎನ್‌ಇಸಿ, ಅಂದ್ರೆ ಅಲ್ಲಿನ ವೈರಿಂಗ್ ನಿಯಮಗಳ ಪುಸ್ತಕ, ಅದ್ರ ಆರ್ಟಿಕಲ್ 551 ತಪ್ಪಿದ್ದಲ್ಲ. ಅದ್ರ ಹಳೇ ಎಡಿಷನ್‌ಗಳಲ್ಲಿ 551.10 ಅಂತ ಇತ್ತು (ಹೊಸ ಎಡಿಷನ್‌ಗಳಲ್ಲಿ ಇಲ್ಲ), ಅಂದ್ರೆ 12 ವೋಲ್ಟ್ ಕಡೆ ವೈರಿಂಗ್, ಅಲ್ಲಿ ಮೋಟರ್ ಬಗ್ಗೆ ಇದ್ದಿದ್ದು ಎರಡೇ ಸಾಲು, ಆದ್ರೆ ಅದು ತಲೆಗೆ ಹೋಗ್ಬೇಕಾದ್ರೆ ಮೋಟರ್‌ಗಳ ಆರ್ಟಿಕಲ್ 430ಕ್ಕೆ ಹೋಗಿ ವಾಪಸ್ ಬರ್ಬೇಕು. ನಾನು ಮೂರು ಸಲ ಓದಿದ್ರೂ ಅರ್ಥ ಆಗಿರ್ಲಿಲ್ಲ, ಅರ್ಥ ಆಗಿದ್ದು ಒಂದು ಸುಟ್ಟ ಪಂಪ್ ನೋಡಿದ್ಮೇಲೆ.

ಹೋದ ಚಳಿಗಾಲ ಗೆಳೆಯ ಫೋನ್ ಮಾಡಿ ಟ್ರೇಲರ್‌ನಲ್ಲಿ ನೀರು ಬರ್ತಿಲ್ಲ ಬಾರೋ ಅಂದ. ಹೋಗಿ ಮಂಚದ ಕೆಳಗಿನ ಹಲಗೆ ಎತ್ತಿದ್ರೆ ಸುಟ್ಟ ವಾರ್ನಿಷ್ ವಾಸನೆ ಮೂಗಿಗೆ ಹೊಡೀತು. ರಾತ್ರಿ ಪಂಪಿನ ಹೆಡ್ ಒಳಗೆ ನೀರು ಮಂಜುಗಡ್ಡೆ ಆಗಿದೆ, ಮೋಟರ್ ತಿರುಗೋಕೆ ಆಗ್ದೆ ಗುಂಯ್ ಅಂತ ನಿಂತಿದೆ, ಸ್ವಿಚ್ ಆನ್ ಇದೆ, ಇವ್ನು ಹೊದ್ಕೊಂಡು ಮಲಗಿದಾನೆ. ಫ್ಯೂಸ್ ಕಿತ್ತು ಟಾರ್ಚ್ ಬೆಳಕಿಗೆ ಹಿಡಿದ್ರೆ ನೀಲಿ ಬಣ್ಣದ 15 ಆಂಪ್, ಒಳಗಿನ ತಂತಿ ಗಟ್ಟಿಮುಟ್ಟಾಗಿದೆ. ವೈರ್‌ಗೂ ಏನೂ ಆಗಿಲ್ಲ. ಸತ್ತಿದ್ದು ಮೋಟರ್ ಒಂದೇ.

ಇಲ್ಲಿ ಫ್ಯೂಸ್ ತಪ್ಪು ಮಾಡ್ಲಿಲ್ಲ. ಅದು ಇರೋದೇ ವೈರ್ ಕಾಯೋಕೆ. 551ರ ಆ ಹಳೇ ಟೇಬಲ್ ನೋಡಿ, 18 ಗೇಜ್ ವೈರ್‌ಗೆ 6 ಆಂಪ್, 16ಕ್ಕೆ 8, 14ಕ್ಕೆ 15, 12ಕ್ಕೆ 20, 10ಕ್ಕೆ 30, ಅದ್ರಲ್ಲಿ ಮೋಟರ್ ಅನ್ನೋ ಮಾತೇ ಇಲ್ಲ, ಬರೀ ವೈರ್ ದಪ್ಪ. (ಪವರ್ ಸಪ್ಲೈ ಗಾಡಿ ವೈರಿಂಗ್‌ಗೆ ಸೇರೋ ಜಾಗದಿಂದ 18 ಇಂಚಿನೊಳಗೆ ಫ್ಯೂಸ್ ಇರ್ಬೇಕು ಅನ್ನೋದೂ ಅಲ್ಲೇ ಬರ್ತಿತ್ತು.)

ಈಗ ಲೆಕ್ಕ ಹಾಕೋಣ, ಸುಲಭ ಆಗ್ಲಿ ಅಂತ ಅಂಕಿ ನಾನೇ ಇಟ್ಕೊಂಡಿದೀನಿ. ಪಂಪ್ ನೇಮ್‌ಪ್ಲೇಟ್ (ಮೋಟರ್ ಮೇಲೆ ಬರೆದ ಕರೆಂಟ್) 7 ಆಂಪ್, ಮೋಟರ್ ಒಳಗಿನ ರೆಸಿಸ್ಟೆನ್ಸ್ 0.5 ಓಮ್. ವೈರ್ 14 ಗೇಜ್, ಬ್ಯಾಟರಿಯಿಂದ 6 ಮೀಟರ್, ಹೋಗಿ ಬರೋಕೆ 12 ಮೀಟರ್, ಅದು ಸುಮಾರು 0.1 ಓಮ್. ಒಟ್ಟು 0.6. ಮೋಟರ್ ತಿರುಗ್ತಾ ಇರುವಾಗ ಅದೇ ಒಂದು ಜನರೇಟರ್ ಥರ 7.8 ವೋಲ್ಟ್ ಎದುರು ತಳ್ತಾ ಇರುತ್ತೆ, ಅದನ್ನೇ ಬ್ಯಾಕ್ ಇಎಂಎಫ್ ಅನ್ನೋದು, ಹಾಗಾಗಿ ಉಳಿದ 4.2 ವೋಲ್ಟ್‌ಗೆ 7 ಆಂಪ್ ಹರಿಯುತ್ತೆ. ತಿರುಗೋದು ನಿಂತ ತಕ್ಷಣ ಆ ತಳ್ಳಾಟ ಸೊನ್ನೆ, ಪೂರ್ತಿ 12 ವೋಲ್ಟ್ 0.6 ಓಮ್ ಮೇಲೆ ಬಿತ್ತು, 20 ಆಂಪ್. ಕಾಯಿಲ್‌ನಲ್ಲಿ ಮೊದಲು 24.5 ವ್ಯಾಟ್ ಬಿಸಿ ಇದ್ದಿದ್ದು ಈಗ 200 ವ್ಯಾಟ್, ಎಂಟು ಪಟ್ಟು.

15 ಆಂಪ್ ಫ್ಯೂಸ್‌ಗೆ ಈ 20 ಆಂಪ್ ಅಂದ್ರೆ 133 ಪರ್ಸೆಂಟ್. ಬ್ಲೇಡ್ ಫ್ಯೂಸ್‌ಗೆ 135 ಪರ್ಸೆಂಟ್‌ನಲ್ಲಿ ಹತ್ತು ನಿಮಿಷದವರೆಗೂ ತಡ್ಕೊಳ್ಳೋ ಹಕ್ಕಿದೆ, 110 ಪರ್ಸೆಂಟ್‌ನಲ್ಲಿ 100 ಗಂಟೆ ಕೂತಿರ್ಬೇಕು. ವೈರ್‌ಗೆ ಆ ಹತ್ತು ನಿಮಿಷ ಲೆಕ್ಕಕ್ಕಿಲ್ಲ, ಮೋಟರ್‌ಗೆ ಅಷ್ಟೇ ಸಾಕು.

ಈಗ ಆ ಎರಡು ಸಾಲಿಗೆ ಬರೋಣ. ಆಟೋಮ್ಯಾಟಿಕ್ ಸ್ವಿಚ್ ಇಂದ, ಇಲ್ಲಾ ಒತ್ತಿ ಬಿಟ್ರೂ ಆನ್ ಆಗೇ ಇರೋ ಸ್ವಿಚ್ ಇಂದ ಓಡೋ ಮೋಟರ್‌ಗಳಿಗೆ 430.32(ಬಿ) ಪ್ರಕಾರ ರಕ್ಷಣೆ ಕೊಡಿ ಅಂತಿತ್ತು. ಕೋಡ್ ಅಲ್ಲಿ ಕೇಳ್ತಿದ್ದಿದ್ದು ಒಂದೇ, ಸ್ವಿಚ್ ಮೇಲೆ ಯಾರದ್ದಾದ್ರೂ ಬೆರಳು ಇದೆಯಾ? ಸ್ಲೈಡ್‌ಔಟ್ (ಗಾಡಿ ನಿಂತಾಗ ಹೊರಗೆ ಚಾಚೋ ರೂಮಿನ ಭಾಗ), ಟಂಗ್ ಜ್ಯಾಕ್ (ಟ್ರೇಲರ್ ಮೂತಿ ಎತ್ತೋ ಜ್ಯಾಕ್) ಇವಕ್ಕೆ ಸಾಮಾನ್ಯವಾಗಿ ಒತ್ತಿ ಹಿಡಿಯೋ ಸ್ವಿಚ್, ಸಿಕ್ಕಾಕೊಂಡ್ರೆ ಸದ್ದು ಕೇಳಿ ನೀವೇ ಕೈ ಬಿಡ್ತೀರಾ. ನೀರಿನ ಪಂಪ್ ಪ್ರೆಶರ್ ಸ್ವಿಚ್ ಹೇಳಿದಂಗೆ ಕೇಳುತ್ತೆ, ಫರ್ನೇಸ್ ಬ್ಲೋವರ್ (ಹೀಟರ್ ಫ್ಯಾನ್) ಥರ್ಮೋಸ್ಟ್ಯಾಟ್ ಹೇಳಿದಂಗೆ, ಅಲ್ಲಿ ಮನುಷ್ಯನೇ ಇಲ್ಲ. ನಮ್ಮೂರಲ್ಲಿ ರಾತ್ರಿ ಕರೆಂಟ್ ಬಂದ್ರೆ ತಾನೇ ಓಡ್ಲಿ ಅಂತ ಬೋರ್ ಮೋಟರ್‌ಗೆ ಆಟೋ ಸ್ಟಾರ್ಟರ್ ಹಾಕಿ ಮಲಗ್ತಾರಲ್ಲ, ಒಂದು ಫೇಸ್ ಇಲ್ದೆ ಇದ್ರೆ ಬೆಳಗ್ಗೆ ಮೋಟರ್ ಮೇಲೆತ್ತಿ ರೀವೈಂಡಿಂಗ್‌ಗೆ ಹಾಕೋದೇ ಗತಿ, ಅದೇ ಕಥೆ ಇದು.

430.32(ಬಿ) ಕೊಡೋ ದಾರಿಗಳಲ್ಲಿ ಮುಖ್ಯವಾದವು ಎರಡು. ಒಂದು, ಬೇರೆ ಓವರ್‌ಲೋಡ್ ಸಾಧನ, ಸರ್ವಿಸ್ ಫ್ಯಾಕ್ಟರ್ (ಬರೆದ ಲೋಡಿನ ಎಷ್ಟು ಪಟ್ಟು ತಡ್ಕೊಳ್ಳುತ್ತೆ ಅನ್ನೋ ಅಂಕಿ) 1.15 ಅಥವಾ ಜಾಸ್ತಿ ಇದ್ರೆ, ಇಲ್ಲಾ ಟೆಂಪರೇಚರ್ ರೈಸ್ (ಓಡುವಾಗ ಏರೋ ಬಿಸಿ) 40 ಡಿಗ್ರಿ ಸೆಲ್ಸಿಯಸ್ ಅಥವಾ ಕಮ್ಮಿ ಅಂತ ಬರೆದಿದ್ರೆ, ನೇಮ್‌ಪ್ಲೇಟ್ ಕರೆಂಟಿನ 125 ಪರ್ಸೆಂಟ್, ಬೇರೆಲ್ಲಕ್ಕೂ 115. ನಮ್ಮ 7 ಆಂಪ್ ಪಂಪ್‌ಗೆ ಅದು 8.75 ಅಥವಾ 8.05 ಆಂಪ್, ಗೆಳೆಯನ ಫ್ಯೂಸ್ 15! ಇನ್ನೊಂದು, ಮೋಟರ್ ಒಳಗೇ ಕೂತಿರೋ ಥರ್ಮಲ್ ಪ್ರೊಟೆಕ್ಟರ್. ನನ್ ಪ್ರಕಾರ ಆರ್‌ವಿಗೆ ಇದೇ ಒಳ್ಳೇದು, ಯಾಕಂದ್ರೆ ಇದು ಕಾಯಿಲ್ ಬಿಸಿ ನೋಡುತ್ತೆ, ಕರೆಂಟ್ ಎಷ್ಟು ಅಂತ ಊಹೆ ಮಾಡ್ಬೇಕಾಗಿಲ್ಲ.

ಬ್ರೇಕರ್ ಹಾಕೋರಿಗೆ ಒಂದು ಮಾತು. ಎಸ್‌ಎಇ (ವಾಹನ ಎಂಜಿನಿಯರ್‌ಗಳ ಸಂಸ್ಥೆ) ಲೆಕ್ಕದ ಟೈಪ್ 1 ಬ್ರೇಕರ್ ತಣ್ಣಗಾದ ಮೇಲೆ ತಾನೇ ಆನ್ ಆಗುತ್ತೆ, ಟೈಪ್ 2 ಪವರ್ ಪೂರ್ತಿ ತೆಗೆಯೋವರೆಗೂ ಆಫ್ ಇರುತ್ತೆ, ಟೈಪ್ 3 ಕೈಯಲ್ಲೇ ಒತ್ಬೇಕು. ಸ್ಲೈಡ್‌ಔಟ್‌ಗೆ ಟೈಪ್ 1 ಪರ್ವಾಗಿಲ್ಲ, ಕಾಯೋರಿಲ್ಲದ ಮೋಟರ್‌ಗೆ ಅದು ಬೇಡ, ರಾತ್ರಿಯೆಲ್ಲಾ ಟಿಕ್ ಟಿಕ್ ಅಂತ ಸುಡೋದು ತಣ್ಣಗಾಗೋದು ಮಾಡ್ತಾ ಕೂತಿರುತ್ತೆ.

120 ವೋಲ್ಟ್ ಕಡೆ ಏಸಿ ಕಂಪ್ರೆಸರ್ ಸ್ವಭಾವ ಬೇರೆ, ಲೋಡ್ ಅಷ್ಟೇ ಇದ್ದು ಕ್ಯಾಂಪ್‌ಗ್ರೌಂಡ್‌ನಲ್ಲಿ ವೋಲ್ಟೇಜ್ ಇಳಿದ್ರೆ ಕರೆಂಟ್ ಜಾಸ್ತಿ ಎಳೆಯುತ್ತೆ. ಅಲ್ಲಿ ಬ್ರೇಕರ್ ಸೈಜ್ ಏಸಿ ಲೇಬಲ್ ಮೇಲಿರುತ್ತೆ, ತಲೆ ಓಡಿಸ್ಬೇಡಿ.

ಗೆಳೆಯನಿಗೆ ಥರ್ಮಲಿ ಪ್ರೊಟೆಕ್ಟೆಡ್ ಅಂತ ಲೇಬಲ್ ಇದ್ದ ಪಂಪ್ ತರಿಸಿ, ಅದ್ರ ಜೊತೆ ಬಂದ ಕಾಗದದಲ್ಲಿ ಹೇಳಿದ 10 ಆಂಪ್ ಫ್ಯೂಸ್ ಹಾಕಿದೆ. ಆಮೇಲೆ ಕರೆಂಟ್ ಅಳೆಯೋ ಡಿಸಿ ಕ್ಲ್ಯಾಂಪ್ ಮೀಟರ್ ಸಿಕ್ಕಿಸಿ ನಲ್ಲಿ ನಿಧಾನಕ್ಕೆ ಮುಚ್ತಾ ಹೋದ್ವಿ, 4 ಆಂಪ್‌ನಿಂದ ಏರ್ತಾ ಏರ್ತಾ ಪ್ರೆಶರ್ ಸ್ವಿಚ್ ಟಕ್ ಅನ್ನೋಕೆ ಮುಂಚೆ 6.8 ತೋರಿಸ್ತು. ಆ ಅಂಕೆನ ಮಾರ್ಕರ್‌ನಲ್ಲಿ ಹಲಗೆ ಹಿಂದೆ ಬರೆದು ಮುಚ್ಚಿದೆ.