ನೇಗಿಲು ಕಂಡ್ರೆ ಆಗದವನ ಮನೆತನ

ಕೆಲವು ತಿಂಗಳ ಹಿಂದೆ ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಹಳೆ ಕಾಗದಗಳ ಒಂದು ಕಟ್ಟು ತಂದರು. ಮದುವೆಯಾಗಿ ಜರ್ಮನಿಯಲ್ಲಿ ನೆಲೆಸಿದವರು. ಅವೆಲ್ಲ ಗಂಡನ ಮನೆಯ ಹಿರಿಯರ ಚರ್ಚ್ ದಾಖಲೆಗಳು. ಮಗುವಿಗಾಗಿ ವಂಶಾವಳಿ ಬರೆದಿಡಬೇಕು ಅನ್ನುವುದು ಅವರ ಆಸೆ. "ಮೇಡಂ, ನಮ್ಮನೆ ಅಡ್ಡಹೆಸರು ಜರ್ಮನಿಯಲ್ಲೇ ತುಂಬಾ ಅಪರೂಪವಂತೆ. ಯಾವುದಾದ್ರೂ ದೊಡ್ಡ ಮನೆತನ ಇರಬಹುದಾ?" ಅಂತ ಕೇಳಿದರು.

ಹಳೆ ಜರ್ಮನ್ ದಾಖಲೆಗಳನ್ನು ಓದಿ ಅನುವಾದ ಮಾಡುವುದು ನನ್ನ ಕೆಲಸ. ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಹೆಸರು ಅಪರೂಪ ಅಂದ ಕೂಡಲೇ ಜನರ ಮನಸ್ಸು ಕೋಟೆ, ಕತ್ತಿ, ರಾಜಲಾಂಛನದ ಕಡೆ ಹೋಗುತ್ತದೆ. ಆ ಆಸೆಯನ್ನೇ ನಂಬಿ, ಹೆಸರು ಕೊಟ್ಟರೆ ಲಾಂಛನ ಅಚ್ಚು ಹಾಕಿ ಕೊಡುವವರೂ ಇದ್ದಾರೆ. ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ. ಲಾಂಛನ ಸೇರುವುದು ಒಂದು ನಿರ್ದಿಷ್ಟ ಮನೆತನಕ್ಕೆ, ಆ ಹೆಸರು ಇಟ್ಟುಕೊಂಡ ಎಲ್ಲರಿಗೂ ಅಲ್ಲ.

ಅಪರೂಪದ ಹೆಸರಿನ ಹಿಂದೆ ಹೆಚ್ಚಾಗಿ ಇರುವುದು ರಾಜನಲ್ಲ. ಊರಿನವರ ಬಾಯಿಗೆ ಸಿಕ್ಕ ಒಬ್ಬ ಸಾಮಾನ್ಯ ಮನುಷ್ಯ. ಅವರ ಮನೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದೇ ಬಗೆಯ ಇನ್ನೊಂದು ಹೆಸರಿದೆ, ಚರಿತ್ರೆಯಲ್ಲಿ ಚೆನ್ನಾಗಿ ದಾಖಲಾಗಿರುವಂಥದ್ದು. ಅವರಿಗೂ ಅದನ್ನೇ ಹಿಡಿದು ವಿವರಿಸಿದೆ. ಹಸ್ಸೆನ್‌ಪ್ಫ್ಲೂಗ್ ಅಂತ.

ಮೊದಲು ಉಚ್ಚಾರ ನೋಡೋಣ. ನಡುವೆ ಇರುವ 'ಪ್ಫ' ನಮ್ಮ ನಾಲಿಗೆಗೆ ಸ್ವಲ್ಪ ಕಷ್ಟ. ಸುಮ್ನೆ 'ಫ್ಲೂಗ್' ಅಂದರೆ ಆಗಲ್ವಾ ಅನ್ನಿಸುತ್ತದೆ. ಆಗುವುದಿಲ್ಲ. ಜರ್ಮನ್‌ನಲ್ಲಿ 'ಫ್ಲೂಗ್' ಅಂದರೆ ಹಾರಾಟ, ವಿಮಾನ ಪ್ರಯಾಣ. 'ಪ್ಫ್ಲೂಗ್' ಅಂದರೆ ನೇಗಿಲು. ಮೊದಲ ಭಾಗ 'ಹಸ್ಸೆನ್' ಅಂದರೆ ದ್ವೇಷಿಸು. ಒಳಗಿರುವ 'ಎನ್' ಸದ್ದು 'ಡೆನ್' ಅನ್ನುವ ಪುಟ್ಟ ಪದದ ಉಳಿಕೆ, ಇಂಗ್ಲಿಷಿನ 'ದಿ' ಇದ್ದ ಹಾಗೆ. 'ಹಸ್ಸೆ ಡೆನ್ ಪ್ಫ್ಲೂಗ್' ಅನ್ನುವ ಇಡೀ ವಾಕ್ಯ ಬಾಯಿಂದ ಬಾಯಿಗೆ ಸವೆದು ಒಂದೇ ಪದವಾಯಿತು. ನಮ್ಮ ಮಾತಲ್ಲಿ ಹೇಳಬೇಕಾದರೆ, ನೇಗಿಲು ಕಂಡ್ರೆ ಆಗಲ್ಲ.

ಯಾರಿಗೆ ಇಂಥ ಹೆಸರು ಬಿತ್ತು? ಹೊಲದ ಕೆಲಸ ಅಂದರೆ ಮುಖ ತಿರುಗಿಸುತ್ತಿದ್ದ ರೈತನಿಗೆ. ಇಲ್ಲವೇ ನೇಗಿಲು ಬಿಟ್ಟು ಬೇರೆ ಕಸುಬು ಹಿಡಿಯಲು ಹೊರಟ ರೈತನ ಮಗನಿಗೆ. ಅವನ ಕಾಲದಲ್ಲಿ ಉಳುಮೆ ಅಂದರೆ ಬರೀ ಕೆಲಸವಲ್ಲ, ಹುಟ್ಟಿನಿಂದ ಅಂಟಿದ ಕಟ್ಟು. ಎಷ್ಟೋ ರೈತರು ಜಮೀನ್ದಾರನಿಗೆ ದುಡಿದು ಕೊಡಬೇಕಿತ್ತು, ಹೇಳದೆ ಊರು ಬಿಡುವಂತಿರಲಿಲ್ಲ. ನೇಗಿಲು ಬೇಡ ಅಂದವನನ್ನು ಊರು ಮರೆಯಲಿಲ್ಲ, ಹೆಸರನ್ನೇ ಇಟ್ಟಿತು. ನನಗೆ ಈ ಹೆಸರಿನ ಮೇಲೆ ತುಂಬಾ ಪ್ರೀತಿ. ಆರೇಳು ನೂರು ವರ್ಷದ ಹಿಂದಿನ ಒಬ್ಬ ಬಡವನ ಮನಸ್ಸಿನ ಮಾತು ಬೇರೆ ಎಲ್ಲಿ ಉಳಿದಿರುತ್ತದೆ ಹೇಳಿ?

ಇಂಥ ಹೆಸರುಗಳಿಗೆ ಜರ್ಮನ್‌ನಲ್ಲಿ 'ಜಾಟ್ಸ್‌ನಾಮೆ' ಅನ್ನುತ್ತಾರೆ. ವಾಕ್ಯವೇ ಹೆಸರಾದದ್ದು ಅಂತ ಅರ್ಥ. ಇವುಗಳ ಲೋಕ ತುಂಬಾ ಜೀವಂತ. 1400ರ ಸುಮಾರಿನ ಕಡಲ್ಗಳ್ಳ ಕ್ಲಾಸ್ ಸ್ಟೋರ್ಟೆಬೆಕರ್ ಇದ್ದನಲ್ಲ, ಅವನ ಹೆಸರಿನ ಅರ್ಥ 'ಲೋಟ ಬಗ್ಗಿಸು', ಅಂದರೆ ಒಂದೇ ಗುಟುಕಿಗೆ ಕುಡಿದು ಮುಗಿಸು. ಹೇಬೆನ್‌ಸ್ಟ್ರೈಟ್ ಅಂದರೆ 'ಜಗಳ ಶುರು ಮಾಡು'. ಫಿಂಡ್‌ಐಜೆನ್ ಅಂದರೆ 'ಕಬ್ಬಿಣ ಹುಡುಕು', ಇದು ಕಮ್ಮಾರರ ಕಡೆಯದು. ಕೀಜೆವೆಟರ್ ಅಂದರೆ 'ಹವಾಮಾನ ನೋಡಿ ಹೇಳು'. ಶ್ಲುಕೆಬೀರ್ ಅಂದರೆ 'ಬಿಯರ್ ನುಂಗು'. 'ಸೈತಾನನನ್ನು ದ್ವೇಷಿಸು' ಅನ್ನುವ ಅರ್ಥದ ಹಸ್‌ಡೆನ್‌ಟಾಯ್ಫೆಲ್ ಅನ್ನುವ ಹೆಸರಿದೆ. ನಮ್ಮ ನೇಗಿಲಿನ ಹೆಸರಲ್ಲಿ ಸವೆದುಹೋದ 'ಡೆನ್' ಅದರಲ್ಲಿ ಹಾಗೇ ಉಳಿದಿದೆ. ಕುಶಲಕರ್ಮಿಗಳ ಸಂಘಗಳಲ್ಲಿ ಕಲಿಕೆ ಮುಗಿಸಿದ ಹುಡುಗನಿಗೆ ಜೊತೆಯವರು ಸೇರಿ ಹೊಸ ಹೆಸರು ಇಡುವ ರೂಢಿ ಇತ್ತು. ಈ ಜಾತಿಯ ಎಷ್ಟೋ ಹೆಸರುಗಳು ಅಲ್ಲಿಂದ ಬಂದವು ಎಂದು ವಿದ್ವಾಂಸರು ಹೇಳುತ್ತಾರೆ. ಇದು ಜರ್ಮನ್ನರಿಗೆ ಮಾತ್ರ ಸೇರಿದ್ದಲ್ಲ. ಇಂಗ್ಲಿಷಿನ ಶೇಕ್ಸ್‌ಪಿಯರ್ 'ಈಟಿ ಅಲ್ಲಾಡಿಸು'. ಇಟಲಿಯ ಬೆವಿಲಾಕ್ವಾ, ಫ್ರಾನ್ಸಿನ ಬ್ವಾಲೋ ಎರಡರ ಅರ್ಥವೂ 'ನೀರು ಕುಡಿ'.

ಧಾರವಾಡ, ವಿಜಯಪುರದ ಕಡೆಯವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಬಡಿಗೇರ, ಕಂಬಾರ, ಮೆಣಸಿನಕಾಯಿ, ಉಳ್ಳಾಗಡ್ಡಿ ಅನ್ನುವ ಅಡ್ಡಹೆಸರುಗಳ ನಡುವೆ ಬೆಳೆದವರು ಅವರು. ಜರ್ಮನಿಯಲ್ಲೂ ದಾರಿ ಅದೇ. 12ನೇ ಶತಮಾನದಲ್ಲಿ ಕೊಲೋನ್‌ನಂಥ ಪಟ್ಟಣಗಳು ದೊಡ್ಡದಾಗುತ್ತಿದ್ದವು. ಬೀದಿಗೆ ಹತ್ತು ಜನ ಹೈನ್ರಿಶ್, ಹತ್ತು ಜನ ಯೋಹಾನೆಸ್. ತೆರಿಗೆ ಬರೆಯುವವನಿಗೆ ಯಾವ ಹೈನ್ರಿಶ್ ಅಂತ ಗೊತ್ತಾಗಬೇಕಲ್ಲ? ಹಾಗಾಗಿ ಅಪ್ಪನ ಹೆಸರು, ಊರು, ಮನೆ ಇರುವ ಜಾಗ, ಕಸುಬು, ಇಲ್ಲವೇ ಅವನ ಗುಣ, ರೂಪ, ಬಟ್ಟೆ, ಹೀಗೆ ಏನಾದರೊಂದನ್ನು ಸೇರಿಸಿದರು. ನಿಧಾನವಾಗಿ ಅದು ಮಕ್ಕಳಿಗೂ ಇಳಿಯಿತು.

ನಮ್ಮ ನಿಘಂಟಿನ ಫರ್ಡಿನೆಂಡ್ ಕಿಟೆಲ್ ಅವರ ಹೆಸರೂ ಈ ಸಾಲಿನದೇ. ಕಿಟೆಲ್ ಅಂದರೆ ಮೈಮೇಲೆ ಹಾಕಿಕೊಳ್ಳುವ ಸಡಿಲ ಅಂಗಿ. ಅದನ್ನು ಹೊಲಿಯುತ್ತಿದ್ದವನಿಗೋ, ಯಾವಾಗಲೂ ಹಾಕಿಕೊಂಡಿರುತ್ತಿದ್ದವನಿಗೋ ಬಂದ ಹೆಸರು. ಇವತ್ತಿಗೂ ಜರ್ಮನಿಯ ಡಾಕ್ಟರುಗಳು ಹಾಕುವ ಬಿಳಿ ಕೋಟಿಗೆ ಕಿಟೆಲ್ ಎಂದೇ ಕರೆಯುತ್ತಾರೆ. ಅವರು 1832ರಲ್ಲಿ ಹುಟ್ಟಿದ ಪೂರ್ವ ಫ್ರೀಸ್‌ಲ್ಯಾಂಡ್ ಪ್ರದೇಶದಲ್ಲಿ 19ನೇ ಶತಮಾನ ಶುರುವಾಗುವವರೆಗೂ ಎಷ್ಟೋ ಮನೆಗಳಿಗೆ ಸ್ಥಿರವಾದ ಅಡ್ಡಹೆಸರೇ ಇರಲಿಲ್ಲ. ಅಪ್ಪನ ಹೆಸರೇ ಮಗನಿಗೆ ಎರಡನೆ ಹೆಸರು. ನೆಪೋಲಿಯನ್ನನ ಆಡಳಿತ 1811ರಲ್ಲಿ ಸ್ಥಿರ ಹೆಸರು ಇಟ್ಟುಕೊಳ್ಳಿ ಎಂದು ಆಜ್ಞೆ ಹೊರಡಿಸಬೇಕಾಯಿತು.

ಹಾಗಾದರೆ ಕೆಲವು ಹೆಸರು ಮಾತ್ರ ಯಾಕೆ ಅಪರೂಪ?

ಫ್ರೈಬುರ್ಗ್ ಮತ್ತು ಮೈನ್ಸ್ ವಿಶ್ವವಿದ್ಯಾಲಯಗಳ ಭಾಷಾ ವಿದ್ವಾಂಸರು ಜರ್ಮನ್ ಅಡ್ಡಹೆಸರುಗಳ ದೊಡ್ಡ ಅಟ್ಲಾಸ್ ಮಾಡಿದ್ದಾರೆ. ಅದಕ್ಕೆ ಅವರು ಆಧಾರ ಮಾಡಿಕೊಂಡದ್ದು 2005ರ ಲ್ಯಾಂಡ್‌ಲೈನ್ ಫೋನ್ ಪಟ್ಟಿ. ಅದರಲ್ಲಿ ಮ್ಯೂಲರ್ ಅನ್ನುವ ಹೆಸರೊಂದೇ 2.5 ಲಕ್ಷಕ್ಕೂ ಜಾಸ್ತಿ ಸಲ ಬರುತ್ತದೆ. ಬೇರೆ ಬೇರೆ ಹೆಸರುಗಳನ್ನು ಎಣಿಸಿದರೆ 8 ಲಕ್ಷ ದಾಟುತ್ತದೆ. ಈ ಎರಡು ಸಂಖ್ಯೆ ಪಕ್ಕದಲ್ಲಿಟ್ಟು ನೋಡಿ. ಬೆರಳೆಣಿಕೆಯಷ್ಟು ಹೆಸರು ಲಕ್ಷಾಂತರ ಜನರಿಗೆ, ಲಕ್ಷಾಂತರ ಹೆಸರು ಕೆಲವೇ ಮನೆಗಳಿಗೆ. ಅಂದರೆ ಜರ್ಮನಿಯಲ್ಲಿ ಅಪರೂಪದ ಹೆಸರು ಇರುವುದೇ ಮಾಮೂಲು!

ಮ್ಯೂಲರ್ ಅಂದರೆ ಹಿಟ್ಟಿನ ಗಿರಣಿ ನಡೆಸುವವನು. ಗಿರಣಿ ಎಲ್ಲ ಕಡೆ ಇತ್ತು. ಹಾಗಾಗಿ ಈ ಹೆಸರು ನೂರಾರು ಊರಲ್ಲಿ, ಒಂದಕ್ಕೊಂದು ಸಂಬಂಧವೇ ಇಲ್ಲದೆ ಹುಟ್ಟಿತು. ಇಬ್ಬರು ಮ್ಯೂಲರ್‌ಗಳು ಸಿಕ್ಕಿದರೆ ಅವರು ನೆಂಟರು ಅನ್ನಲು ಏನೂ ಆಧಾರವಿಲ್ಲ. ಆದರೆ ನೇಗಿಲು ದ್ವೇಷಿಸುವವನು ಅಂತ ಒಬ್ಬನನ್ನು ಕರೆಯಬೇಕಾದರೆ ಅಂಥವನೊಬ್ಬ ಇರಬೇಕು, ಹಾಗೆ ಕರೆಯುವ ಬಾಯಿ ಇರಬೇಕು, ಆ ಹೆಸರು ಬರಹದಲ್ಲಿ ಉಳಿಯಬೇಕು. ಇಷ್ಟೆಲ್ಲ ಕೂಡಿ ಬರುವುದು ಒಂದೋ ಎರಡೋ ಕಡೆ. ಅಪರೂಪದ ಹೆಸರಿನ ಇಬ್ಬರು ಸಿಕ್ಕಿದರೆ ಮಾತ್ರ ನಾನು ಕುತೂಹಲದಿಂದ ಪುಟ ತಿರುಗಿಸುತ್ತೇನೆ. ಹಿಂದೆ ಹೋದರೆ ಒಂದೇ ಅಂಗಳ ಸಿಗುವ ಸಾಧ್ಯತೆ ಅಲ್ಲಿ ನಿಜವಾಗಿ ಇದೆ.

ಹಾಗೆ ಹುಟ್ಟಿದ ಹೆಸರೂ ಉಳಿಯಬೇಕಲ್ಲ. ಹೆಸರು ಗಂಡುಮಕ್ಕಳ ಸಾಲಿನಲ್ಲಿ ಹೋಗುತ್ತಿತ್ತು. 1618ರಿಂದ 1648ರವರೆಗಿನ ಮೂವತ್ತು ವರ್ಷದ ಯುದ್ಧ, ಪ್ಲೇಗು, ಹಸಿವು ಎಷ್ಟೋ ಹಳ್ಳಿಗಳನ್ನೇ ಅಳಿಸಿ ಹಾಕಿದವು. ಒಂದೇ ಊರಲ್ಲಿ ಇದ್ದ ಹೆಸರು ಆ ಊರಿನ ಜೊತೆಗೇ ಹೋಯಿತು. ಇನ್ನು ಕೆಲವರು ಕೇಳಲು ಚೆನ್ನಾಗಿಲ್ಲ ಅಂತ ತಾವೇ ಹೆಸರು ಬದಲಿಸಿಕೊಂಡರು. ಇವತ್ತಿಗೂ ಅಲ್ಲಿನ ಕಾನೂನು, ನಗೆಪಾಟಲಿಗೆ ಗುರಿಯಾಗುವ ಹೆಸರನ್ನು ಬದಲಿಸಲು ಅವಕಾಶ ಕೊಡುತ್ತದೆ. ಅವರವರ ಕಷ್ಟ ಅವರಿಗೇ ಗೊತ್ತು. ಆದರೂ ಒಂದು ಹಳೆ ವಾಕ್ಯ ಅಳಿದುಹೋಯಿತಲ್ಲ ಅಂತ ನನಗೆ ಸಂಕಟವಾಗುತ್ತದೆ.

ಬರಹದ ವಿಷಯಕ್ಕೆ ಬರುತ್ತೇನೆ. ನನ್ನ ದಿನದ ಬಹುಪಾಲು ಹೋಗುವುದು ಇದರಲ್ಲೇ. ಹಳೆ ಚರ್ಚ್ ಪುಸ್ತಕಗಳು 'ಕುರೆಂಟ್' ಅನ್ನುವ ಕೈಬರಹದಲ್ಲಿವೆ. 1941ರಲ್ಲಿ ಸರ್ಕಾರ ನಿಲ್ಲಿಸುವವರೆಗೂ ಈ ಜಾತಿಯ ಬರಹವನ್ನು ಶಾಲೆಯಲ್ಲಿ ಕಲಿಸುತ್ತಿದ್ದರು. ಇವತ್ತಿನ ಹೆಚ್ಚಿನ ಜರ್ಮನ್ನರಿಗೇ ಅದು ಓದಲು ಬರುವುದಿಲ್ಲ. ಅದರಲ್ಲಿ 'ಇ' ಅಕ್ಷರ 'ಎನ್' ಥರ ಕಾಣುತ್ತದೆ. 'ಯು' ಮೇಲೆ ಒಂದು ಪುಟ್ಟ ಕೊಂಡಿ ಇದ್ದರೆ ಮಾತ್ರ ಅದು 'ಯು'. ಪದದ ನಡುವಿನ ಉದ್ದ 'ಎಸ್' ಅಂತೂ 'ಎಫ್' ಅನ್ನಿಸಿಬಿಡುತ್ತದೆ. ಕೆಲಸ ಕಲಿಯುವಾಗ ನಾನು ಒಂದು ಮನೆತನದ ಹೆಸರನ್ನು ಎರಡು 'ಎಫ್' ಹಾಕಿ ಓದಿ, ಇಡೀ ವಾರ ಇಲ್ಲದ ಹೆಸರೊಂದನ್ನು ಹುಡುಕಿದ್ದೆ. ನನ್ನ ಗುರುಗಳು ಪಕ್ಕದಲ್ಲಿ ಕೂತು, ಅದೇ ಪಾದ್ರಿ ಬರೆದ ಬೇರೆ ಪದಗಳಲ್ಲಿ 'ಎಸ್' ಹೇಗಿದೆ ಅಂತ ತೋರಿಸಿದರು. ಅವತ್ತಿನಿಂದ ನಾನು ಹೆಸರನ್ನು ಮೊದಲು ಓದುವುದಿಲ್ಲ. ಮೊದಲು ಬರೆದವರ ಕೈ ಓದುತ್ತೇನೆ.

ಕಾಗುಣಿತ ಆಗ ಸ್ಥಿರವಾಗಿರಲಿಲ್ಲ. ಪಾದ್ರಿಗೆ ಕೇಳಿಸಿದ್ದೇ ಸ್ಪೆಲ್ಲಿಂಗ್. ಅಪ್ಪನಿಗೆ ಒಂದು, ಮಗನಿಗೆ ಇನ್ನೊಂದು. 1876ರಿಂದ ಇಡೀ ಜರ್ಮನಿಯಲ್ಲಿ ಸರ್ಕಾರಿ ಕಚೇರಿಗಳು ಜನನ, ಮದುವೆ, ಮರಣ ಬರೆಯತೊಡಗಿದವು. ಆ ಹೊತ್ತಿಗೆ ಯಾವ ಮನೆಯಲ್ಲಿ ಯಾವ ರೂಪ ಇತ್ತೋ ಅದೇ ಗಟ್ಟಿಯಾಯಿತು. ಹಾಗಾಗಿ 'ಎಸ್' ಒಂದೇ ಇರುವ ಹಾಸೆನ್‌ಪ್ಫ್ಲೂಗ್ ಕೂಡ ಇದೆ. ಇವತ್ತಿನ ಜರ್ಮನ್‌ನಲ್ಲಿ 'ಹಾಸೆ' ಅಂದರೆ ಮೊಲ. ನಿಘಂಟು ತೆಗೆದು ಬಿಡಿಸಿದರೆ 'ಮೊಲದ ನೇಗಿಲು' ಅಂತ ಅರ್ಥವಿಲ್ಲದ ಅರ್ಥ ಸಿಗುತ್ತದೆ. ಹೆಸರು ಹುಟ್ಟಿದ ಕಾಲದ ಭಾಷೆಯಲ್ಲೇ ಹೆಸರನ್ನು ಓದಬೇಕು ಅನ್ನುವುದು ಇದಕ್ಕೇ. ಮನೆಯಲ್ಲಿ ಸಿಗುವ ಅತಿ ಹಳೆ ಸ್ಪೆಲ್ಲಿಂಗ್ ಯಾವುದು, ಅದು ಯಾವ ಊರಲ್ಲಿ ಬರೆದದ್ದು, ಇವೆರಡು ಸಿಗುವ ಮೊದಲು ನಾನು ಯಾರಿಗೂ ಅರ್ಥ ಹೇಳುವುದಿಲ್ಲ.

ಹಸ್ಸೆನ್‌ಪ್ಫ್ಲೂಗ್ ಮನೆತನದ ಮುಂದಿನ ಕಥೆ ಇನ್ನೂ ಚೆಂದ. 1800ರ ಸುಮಾರಿಗೆ ಅವರು ಜರ್ಮನಿಯ ಹೆಸ್ಸೆನ್ ನಾಡಿನ ಕಾಸೆಲ್ ಪಟ್ಟಣದಲ್ಲಿದ್ದರು. ಅಲ್ಲೇ ಜಾನಪದ ಕಥೆಗಳನ್ನು ಕಲೆಹಾಕುತ್ತಿದ್ದ ಗ್ರಿಮ್ ಸಹೋದರರು, ಯಾಕೋಬ್ ಮತ್ತು ವಿಲ್ಹೆಲ್ಮ್, ಇದ್ದರು. ಹಸ್ಸೆನ್‌ಪ್ಫ್ಲೂಗ್ ಮನೆಯ ಅಕ್ಕತಂಗಿಯರು ಮರೀ, ಜಾನೆಟ್, ಅಮಾಲಿ. ಇವರು ಗ್ರಿಮ್ ಸಹೋದರರಿಗೆ ಕಥೆ ಹೇಳಿದರು. ಕೆಂಪು ಟೋಪಿಯ ಹುಡುಗಿ ಮತ್ತು ತೋಳದ ಕಥೆ ಜಾನೆಟ್ ಹೇಳಿದ್ದು. ನೂರು ವರ್ಷ ಮಲಗಿದ ರಾಜಕುಮಾರಿಯ ಕಥೆ ಮರೀ ಹೇಳಿದ್ದು. 1812ರಲ್ಲಿ ಮೊದಲ ಸಂಪುಟ ಬಂತು. ಇವತ್ತು ನಮ್ಮ ಮಕ್ಕಳೂ ಆ ಕಥೆಗಳನ್ನು ಕೇಳಿ ಮಲಗುತ್ತಾರೆ.

ಆದರೆ ಕಥೆ ಕೊಟ್ಟವರ ಬಗ್ಗೆ ಸಹೋದರರು ಮಾಡಿಕೊಂಡ ಟಿಪ್ಪಣಿಯಲ್ಲಿ ಇದ್ದದ್ದು ಬರೀ 'ಮರೀ'. ಅಡ್ಡಹೆಸರು ಇಲ್ಲ! ವಿಲ್ಹೆಲ್ಮ್ ಅವರ ಮಗ ಹೆರ್ಮಾನ್ ಗ್ರಿಮ್, ಇದು ಔಷಧಿ ಅಂಗಡಿಯ ವಿಲ್ಡ್ ಕುಟುಂಬದ ಮನೆಗೆಲಸದ ವಯಸ್ಸಾದ ಮರೀ ಎಂದು ಹೇಳಿದರು. ಎಲ್ಲರೂ ನಂಬಿದರು. ಹಳ್ಳಿಯ ಮುದುಕಿಯೊಬ್ಬಳು ಹೆಸ್ಸೆನ್ ನಾಡಿನ ಅಪ್ಪಟ ಕಥೆ ಹೇಳಿದಳು ಅನ್ನುವ ಚಿತ್ರ ಎಲ್ಲರ ಮನಸ್ಸಲ್ಲಿ ಕೂತಿತು. 1975ರಲ್ಲಿ ಹೈನ್ಸ್ ರೋಲೆಕೆ ಅನ್ನುವ ವಿದ್ವಾಂಸರು ಆ ಮರೀ ಮುದುಕಿಯಲ್ಲ, ಮರೀ ಹಸ್ಸೆನ್‌ಪ್ಫ್ಲೂಗ್ ಎಂದು ತೋರಿಸಿಕೊಟ್ಟರು. ಓದಿದ ಮನೆಯ ಹುಡುಗಿ, ಆಗಿನ್ನೂ ಇಪ್ಪತ್ತರ ಆಸುಪಾಸು. ತಾಯಿಯ ಕಡೆಯಿಂದ ಫ್ರಾನ್ಸಿನಿಂದ ವಲಸೆ ಬಂದ ಪ್ರಾಟೆಸ್ಟೆಂಟರ ರಕ್ತ. ಆ ಕಥೆಗಳಲ್ಲಿ ಫ್ರೆಂಚ್ ಕಥೆಗಳ ಛಾಯೆ ಯಾಕಿದೆ ಅನ್ನುವುದಕ್ಕೂ ಆಗ ಉತ್ತರ ಸಿಕ್ಕಿತು.

ಮರೀಯ ಸಹೋದರ ಲೂಡ್ವಿಗ್ 1822ರಲ್ಲಿ ಗ್ರಿಮ್ ಮನೆಯ ಒಬ್ಬಳೇ ಮಗಳು ಲೊಟೆಯನ್ನು ಮದುವೆಯಾದ. ಗ್ರಿಮ್ ಅನ್ನುವುದಕ್ಕೂ 'ಉಗ್ರ' ಅನ್ನುವ ಅರ್ಥವಿದೆ. ಮುಂದೆ ಲೂಡ್ವಿಗ್ 1832ರಿಂದ 1837ರವರೆಗೆ, ಮತ್ತೆ 1850ರಿಂದ 1855ರವರೆಗೆ ಹೆಸ್ಸೆನ್-ಕಾಸೆಲ್ ಸಂಸ್ಥಾನದ ಮಂತ್ರಿಯಾಗಿದ್ದ. ಜನರ ಹಕ್ಕುಗಳನ್ನು ಹತ್ತಿಕ್ಕಿದ ಅಂತ ಊರಿಗೆ ಊರೇ ಅವನ ಮೇಲೆ ಸಿಟ್ಟಾಗಿತ್ತು. ಅತ್ತ ಅವನ ಭಾವಮೈದುನರು 1837ರಲ್ಲಿ ಹಾನೋವರ್ ರಾಜ ಸಂವಿಧಾನ ರದ್ದು ಮಾಡಿದ್ದನ್ನು ವಿರೋಧಿಸಿ ಗೋಟಿಂಗೆನ್ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡರು. ಜನ ಲೂಡ್ವಿಗ್‌ನ ಹೆಸರನ್ನು ಸ್ವಲ್ಪ ತಿರುಚಿ 'ಹೆಸ್ಸೆನ್‌ಫ್ಲೂಖ್' ಅಂದರು. ಹೆಸ್ಸೆನ್ ನಾಡಿಗೆ ತಗುಲಿದ ಶಾಪ ಅಂತ. ಊರಿನ ಬಾಯಲ್ಲಿ ಹುಟ್ಟಿದ ಹೆಸರನ್ನು ಊರಿನ ಬಾಯಿ ಇನ್ನೊಮ್ಮೆ ತನ್ನ ಕೈಗೆ ತೆಗೆದುಕೊಂಡಿತ್ತು.

ಇದನ್ನೆಲ್ಲ ಹೇಳಿದಾಗ ಆ ಹೆಣ್ಣುಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದ್ರೆ ನಮ್ಮನೆಯವರ ಹೆಸರೂ ಯಾರೋ ಒಬ್ಬರು ಹೇಳಿದ ಮಾತೇ ಅಲ್ವಾ ಮೇಡಂ?" ಅಂದರು. ಹೌದು ಅಂದೆ. ಕೋಟೆ ಇಲ್ಲ ಅಂತ ಅವರಿಗೆ ಬೇಸರವಾಗಲಿಲ್ಲ. ಮಗಳ ವಂಶಾವಳಿಯಲ್ಲಿ ಆ ವಾಕ್ಯವನ್ನು ಕನ್ನಡದಲ್ಲಿ ಬರೆದುಕೊಡಿ ಅಂತ ಕೇಳಿದರು, ಬರೆದುಕೊಟ್ಟೆ.

ಈ ವಾರ ಅವರ ಎರಡನೆ ಕಟ್ಟು ಬಂದಿದೆ. ಮೊದಲನೆಯದಕ್ಕಿಂತ ಹಳೆಯದು. ಪಾದ್ರಿ ಬೇರೆ, ಕೈಬರಹವೂ ಬೇರೆ. ಹೆಸರು ಮೂರನೇ ಪುಟದಲ್ಲಿದೆ, ಒಂದು ಅಕ್ಷರ ಜಾಸ್ತಿ ಇದೆ. ಅದು 'ಇ' ಇರಬಹುದು, 'ಎನ್' ಇರಬಹುದು. ಈ ಪಾದ್ರಿಯ ಕೈ ಪರಿಚಯವಾಗಲು ಇನ್ನೂ ನಾಲ್ಕೈದು ಪುಟ ಓದಬೇಕು.