‘ಗಿರಾಕಿ ಹೇಳಿದ್ದೇ ಸರಿ’: ಸೆಲ್ಫ್ರಿಜ್ ಹೆಸರಿಗೆ ಅಂಟಿದ ಮಾತು

ಪ್ರಶ್ನೆ: ‘ಗಿರಾಕಿ ಹೇಳಿದ್ದೇ ಸರಿ’ ಎಂಬುದು ಲಂಡನ್ನಿನ ಸೆಲ್ಫ್ರಿಜ್ ಮಳಿಗೆಯ ಸಂಸ್ಥಾಪಕನ ಮಾತಂತೆ. ಆತ ಪೂರ್ತಿಯಾಗಿ ಹೇಳಿದ್ದು ‘ಅಭಿರುಚಿಯ ವಿಷಯದಲ್ಲಿ ಗಿರಾಕಿ ಹೇಳಿದ್ದೇ ಸರಿ’ ಎಂದಂತೆ. ಜನ ಅರ್ಧವನ್ನಷ್ಟೇ ಉಳಿಸಿಕೊಂಡರಂತೆ. ಇದು ನಿಜವೇ?
– ಬಟ್ಟೆ ವ್ಯಾಪಾರಿಯೊಬ್ಬರು, ಖಡೇಬಜಾರ, ಬೆಳಗಾವಿ

ಉತ್ತರ: ನಿಜವಲ್ಲ. ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳೂ ಅಂಗಡಿಕಾರರೂ ಇದೇ ಪ್ರಶ್ನೆಯನ್ನು ಕೇಳುತ್ತಲೇ ಬಂದಿದ್ದಾರೆ, ಜೊತೆಗೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರವೊಂದನ್ನು ಪುರಾವೆಯೆಂದು ಲಗತ್ತಿಸುತ್ತಾರೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ತೋರಿಸಿದರಾಯಿತೆಂದು ಈ ಸಲ ಕೊಂಚ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಹ್ಯಾರಿ ಗಾರ್ಡನ್ ಸೆಲ್ಫ್ರಿಜ್ ಹುಟ್ಟಿದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಿಪನ್ ಎಂಬ ಊರಿನಲ್ಲಿ. ಅಂತರ್ಯುದ್ಧಕ್ಕೆ ಹೋದ ತಂದೆ ಯುದ್ಧ ಮುಗಿದ ಮೇಲೂ ಮನೆಗೆ ಮರಳಲಿಲ್ಲ. ಶಿಕ್ಷಕಿಯಾಗಿದ್ದ ತಾಯಿಯೇ ಮಗನನ್ನು ಬೆಳೆಸಿದಳು. 1879ರಲ್ಲಿ ಶಿಕಾಗೋದ ಮಾರ್ಷಲ್ ಫೀಲ್ಡ್ ಸಂಸ್ಥೆಗೆ ಸರಕು ಜೋಡಿಸುವ ಹುಡುಗನಾಗಿ ಸೇರಿದ ಆತ, ಅಲ್ಲಿಯೇ ಕಿರಿಯ ಪಾಲುದಾರನ ಸ್ಥಾನಕ್ಕೇರಿ, ಸುಮಾರು ಕಾಲು ಶತಮಾನ ದುಡಿದು 1904ರಲ್ಲಿ ಹೊರಬಂದ. ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯಲ್ಲಿ ಆತನ ಹೆಸರಿನ ಮಳಿಗೆ ತೆರೆದದ್ದು 1909ರ ಮಾರ್ಚ್ 15ರಂದು. ಕಪಾಟಿನಲ್ಲಿ ಬಚ್ಚಿಟ್ಟು, ಕೇಳಿದವರಿಗೆ ಮಾತ್ರ ತೆಗೆದು ತೋರಿಸುವ ರೂಢಿಯಿದ್ದ ನಗರದಲ್ಲಿ ಆತ ಸರಕನ್ನು ಮುಟ್ಟಿ ನೋಡುವಂತೆ ಹರವಿಟ್ಟ. ಅದೇ ವರ್ಷದ ಜುಲೈನಲ್ಲಿ ಲೂಯಿ ಬ್ಲೇರಿಯೋ ಇಂಗ್ಲಿಷ್ ಕಡಲ್ಗಾಲುವೆಯನ್ನು ಹಾರಿ ದಾಟಿದ ವಿಮಾನವನ್ನೇ ಅಂಗಡಿಯೊಳಗೆ ತಂದು ನಿಲ್ಲಿಸಿದ. 1925ರಲ್ಲಿ ಜಾನ್ ಲೋಗಿ ಬೇರ್ಡ್ ತನ್ನ ಟೆಲಿವಿಷನ್ ಯಂತ್ರವನ್ನು ಜನರಿಗೆ ತೋರಿಸಿದ್ದೂ ಅಲ್ಲಿಯೇ.

ಈಗ ಆ ಮಾತಿಗೆ ಬರೋಣ. 1905ರಲ್ಲಿ, ಅಂದರೆ ಲಂಡನ್ನಿನ ಮಳಿಗೆ ಇನ್ನೂ ಹುಟ್ಟಿರದ ಕಾಲದಲ್ಲಿ, ‘ಬೋಸ್ಟನ್ ಗ್ಲೋಬ್’ ಪತ್ರಿಕೆಯು ಇದನ್ನು ಮಾರ್ಷಲ್ ಫೀಲ್ಡ್ ಅವರ ವ್ಯಾಪಾರದ ಸೂತ್ರವೆಂದು ಅಚ್ಚು ಮಾಡಿತ್ತು. 1908ರ ಹೊತ್ತಿಗೆ ಹೋಟೆಲ್ ಉದ್ಯಮಿ ಸೀಸರ್ ರಿಟ್ಜ್ ‘ಗಿರಾಕಿಯದು ಎಂದಿಗೂ ತಪ್ಪಲ್ಲ’ ಎನ್ನುತ್ತಿದ್ದುದಾಗಿಯೂ ಬರಹವಿದೆ. ಫೀಲ್ಡ್ ಅವರ ಗರಡಿಯಲ್ಲಿ ಪಳಗಿದ ಸೆಲ್ಫ್ರಿಜ್ ಈ ಸೂತ್ರವನ್ನು ಬಳಸಿದ, ಹರಡಿದ ಎಂದರೆ ನನ್ನ ತಕರಾರಿಲ್ಲ. ಆತನೇ ಹುಟ್ಟಿಸಿದ ಎನ್ನುವುದಕ್ಕೆ ಆಧಾರವಿಲ್ಲ.

‘ಅಭಿರುಚಿಯ ವಿಷಯದಲ್ಲಿ’ ಎಂಬುದಂತೂ ಆತ ಸತ್ತು ಎಷ್ಟೋ ಕಾಲದ ಮೇಲೆ ಅಂಟಿಸಿದ ಬಾಲ. ಯಾವ ಪತ್ರಿಕೆ, ಯಾವ ವರ್ಷ ಎಂದು ನಾನು ಕೇಳಿದಾಗಲೆಲ್ಲ ಬರುವ ಉತ್ತರ ಮತ್ತೊಂದು ವಾಟ್ಸ್‌ಆ್ಯಪ್ ಚಿತ್ರ! ದಿನಾಂಕ ಸಿಗದಿದ್ದರೆ ಬಿಡಿ, ಅರ್ಥವನ್ನಾದರೂ ನೋಡಬೇಡವೇ? ಮಾರಿದ ಮೇಲೆ ಹೊಣೆ ಕೊಂಡವನದೇ ಎಂಬ ನಿಯಮ ಸಂತೆಯನ್ನು ಆಳುತ್ತಿದ್ದ ಕಾಲದಲ್ಲಿ, ಹರಿದ ಶಾಲನ್ನು ಹಿಡಿದು ವಾಪಸ್ ಬಂದ ಹೆಂಗಸನ್ನು ‘ನೀವೇ ಹರಿದಿರಬೇಕು’ ಎಂದು ಅನುಮಾನಿಸದೆ, ಆಕೆಯ ದೂರನ್ನು ನಂಬಿ ಬದಲಿ ಕೊಡಿ ಎಂದು ಗುಮಾಸ್ತರಿಗೆ ಹೇಳಿಕೊಟ್ಟ ಸೂತ್ರವದು. ದೂರಿಗೆ ಸಂಬಂಧಿಸಿದ ಮಾತು, ಬಣ್ಣಕ್ಕೆ ಸಂಬಂಧಿಸಿದ್ದಲ್ಲ. ಬಣ್ಣದ ವಿಷಯಕ್ಕೆ ಸೂತ್ರವೇ ಬೇಕಿಲ್ಲ: ಶಹಾಪುರದ ಅಂಗಡಿಯ ಗಾದಿಯ ಮೇಲೆ ಕುಳಿತು ಒಬ್ಬ ತಾಯಿ ಇಳಕಲ್ ಸೀರೆಗಳ ರಾಶಿಯಲ್ಲಿ ಕೆಂಪು ಸೆರಗಿನದನ್ನು ಬದಿಗೆ ಸರಿಸಿ ಬೇರೆಯದನ್ನು ಕೇಳಿದರೆ, ಯಾವ ವ್ಯಾಪಾರಿಯೂ ವಾದಕ್ಕೆ ನಿಲ್ಲದೆ ಇನ್ನೊಂದು ಮಡಿಕೆ ಬಿಚ್ಚುತ್ತಾನೆ. ಇಷ್ಟಕ್ಕೂ ಗಾಜಿನ ಕಿಟಕಿಗಳನ್ನು ಸಿಂಗರಿಸಿ ರಾತ್ರಿಯೂ ದೀಪ ಉರಿಸಿ, ಲಂಡನ್ನಿನವರು ಏನನ್ನು ಆಸೆಪಡಬೇಕೆಂಬುದನ್ನು ತಾನೇ ಕಲಿಸಲು ಹೊರಟ ಮನುಷ್ಯ ಗಿರಾಕಿಯ ಅಭಿರುಚಿಗೆ ಶರಣಾಗಿದ್ದನೆಂಬುದು ಆತನ ಬದುಕಿಗೇ ಹೊಂದುವುದಿಲ್ಲ.

ಗಿರಾಕಿಗಳನ್ನು ಅತಿಯಾಗಿ ನಂಬಿ ದಿವಾಳಿಯಾದ ಎಂಬುದೂ ಕಟ್ಟುಕಥೆ. 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಹೆಂಡತಿ ರೋಸ್ ತೀರಿಕೊಂಡ ಮೇಲೆ ಜೂಜು, ಐಷಾರಾಮ, ಡಾಲಿ ಸಹೋದರಿಯರೆಂಬ ನರ್ತಕಿಯರಿಗೆ ಸುರಿದ ಹಣ, ಸಾಲದ್ದಕ್ಕೆ ಬೇರೆ ಅಂಗಡಿಗಳನ್ನು ಕೊಳ್ಳುವ ಹಟ, ಆಮೇಲೆ ಬಂದ ಮಹಾ ಆರ್ಥಿಕ ಕುಸಿತ ಎಲ್ಲವೂ ಸೇರಿ ಆತನನ್ನು ಮುಳುಗಿಸಿದವು. ತನ್ನದೇ ಸಂಸ್ಥೆಗೆ ಸಾಲಗಾರನಾಗಿ ಅಧಿಕಾರ ಕಳೆದುಕೊಂಡು, 1947ರ ಮೇ 8ರಂದು ಲಂಡನ್ನಿನ ಪಟ್ನಿಯಲ್ಲಿ ತೀರಿಕೊಂಡ.

ಕೇಳದಿದ್ದರೂ ಇನ್ನೊಂದನ್ನು ಹೇಳಿಬಿಡುತ್ತೇನೆ. ನಮ್ಮ ಎಷ್ಟೋ ಅಂಗಡಿಗಳ ಗಲ್ಲಾದ ಹಿಂದೆ ‘ಗ್ರಾಹಕರು ನಮ್ಮಲ್ಲಿಗೆ ಬರುವ ಅತಿ ಮುಖ್ಯ ಅತಿಥಿ’ ಎಂಬ ಫಲಕ ಗಾಂಧೀಜಿಯವರ ಹೆಸರಿನಲ್ಲಿ ತೂಗುತ್ತಿರುತ್ತದೆ. ಅವರ ಮಾತೆನ್ನಲು ಅದಕ್ಕೂ ಗಟ್ಟಿ ಆಧಾರವಿಲ್ಲ. ಅದರ ಪಕ್ಕದಲ್ಲಿಯೇ ‘ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂಬ ಇನ್ನೊಂದು ಫಲಕ. ಈ ಎರಡನೆಯ ಫಲಕ ಕಾನೂನಿನ ಮುಂದೆ ನಿಲ್ಲುವುದೇ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಅದನ್ನೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ, ವಾಪಸ್ ಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಆದರೆ ಮನೆಗೆ ಒಯ್ದ ಮೇಲೆ ಬಣ್ಣ ಮನಸ್ಸಿಗೆ ಬರಲಿಲ್ಲವೆಂದರೆ ಅದು ದೋಷವಲ್ಲ. ಅಲ್ಲಿ ಬದಲಿ ಕೊಡುವುದು ಅಂಗಡಿಕಾರನ ಮರ್ಜಿ. ಅಂದರೆ ಅಭಿರುಚಿಯ ವಿಷಯದಲ್ಲಿಯೇ ಗಿರಾಕಿಗೆ ಈ ಕಾನೂನಿನ ಬಲವಿಲ್ಲ. ದೋಷದ ವಿಷಯವಾದರೆ ಬಿಲ್ ಹಿಡಿದು ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವೂ ಇಲ್ಲ.