ಟಿಎಂಪಿಎಫ್ಎಸ್‌ನಲ್ಲಿ ಮುಂಗಡ ಜಾಗ: ಒಂದು ಸಾಲಿನ ಪ್ಯಾಚ್, ವರ್ಷಗಳ ಹಿನ್ನೆಲೆ

ಮೆಮೊರಿಯಲ್ಲೇ ಫೈಲ್ ಇಡುವ ಟಿಎಂಪಿಎಫ್ಎಸ್ ಲಿನಕ್ಸ್‌ಗೆ ಬಂದಿದ್ದು 2001ರಲ್ಲಿ, 2.4 ಕರ್ನಲ್ (ಲಿನಕ್ಸ್‌ನ ತಿರುಳು) ಕಾಲಕ್ಕೆ. ಜಾಗವನ್ನು ಮೊದಲೇ ಹಿಡಿದಿಡುವ ಫಾಲೊಕೇಟ್ ಕರೆ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕೋರಿಕೆ) 2007ರಲ್ಲಿ ಬಂತು. ಎರಡೂ ಜೊತೆಯಾಗಿದ್ದು ಮಾತ್ರ 2012ರಲ್ಲಿ, 3.5 ಕರ್ನಲ್‌ನಲ್ಲಿ.

ಫೈಲ್ ಡಿಸ್ಕ್‌ನಲ್ಲಿ ಚದುರಬಾರದು ಅಂತ ಮುಂಗಡ ಜಾಗ ಹಿಡಿಯುವುದು ಸರಿ. ಮೆಮೊರಿಯಲ್ಲಿ ಆ ತಲೆನೋವೇ ಇಲ್ಲವಲ್ಲ, ಇಲ್ಲಿ ಯಾಕೆ ಬೇಕು? ಉತ್ತರ ಸಿಗ್‌ಬಸ್, ಅಂದರೆ ಕರ್ನಲ್ ಪ್ರೋಗ್ರಾಂಗೆ ಕಳಿಸುವ ಒಂದು ಸಿಗ್ನಲ್. ಎಫ್‌ಟ್ರಂಕೇಟ್ (ಫೈಲಿನ ಅಳತೆ ಬದಲಿಸುವ ಕರೆ) ಮಾಡಿ ಫೈಲನ್ನು 100 ಎಂಬಿಗೆ ಬೆಳೆಸಿದರೂ ಮೆಮೊರಿಯ ಒಂದು ಪೇಜೂ (ತುಂಡೂ) ಸಿಕ್ಕಿರುವುದಿಲ್ಲ. ಸೀಟಿಗೆ ಟವಲ್ ಕೂಡ ಹಾಕಿಲ್ಲ, ಸುಮ್ನೆ ಟಿಕೆಟ್ ತಗೊಂಡ ಹಾಗೆ. ಆಮೇಲೆ ಎಂಮ್ಯಾಪ್ ಮಾಡಿ (ಫೈಲನ್ನು ಮೆಮೊರಿಯ ಹಾಗೆ ನೇರ ಬಳಸುವ ಕರೆ) ಬರೆಯುವಾಗ ಜಾಗದ ಮಿತಿ ಮುಗಿದಿದ್ದರೆ (ಬೇರೆ ಹೇಳದಿದ್ದರೆ ರ‍್ಯಾಮ್‌ನ ಅರ್ಧ) ಎರರ್ ಕೋಡ್ ಬರುವುದಿಲ್ಲ. ಸಿಗ್‌ಬಸ್ ಬಂದು ಪ್ರೋಗ್ರಾಂ ಸಾಯುತ್ತದೆ. ಫಾಲೊಕೇಟ್ ಆದರೆ ಜಾಗ ಇಲ್ಲ ಅಂತ ಮೊದಲೇ ಹೇಳಿಬಿಡುತ್ತದೆ.

2012ರಲ್ಲಿ ಕರ್ನಲ್ ಡೆವಲಪರ್ ಹ್ಯೂ ಡಿಕಿನ್ಸ್ ಬರೆದ ಕೋಡ್ ಓದಲು ಖುಷಿ. ಪೇಜುಗಳನ್ನು ಒಂದೊಂದಾಗಿ ಹಿಡಿಯುತ್ತದೆ. ನಡುವೆ ಕೆಟ್ಟರೆ ಈ ಕರೆಯಲ್ಲಿ ಹಿಡಿದದ್ದನ್ನಷ್ಟೇ ಬಿಡುತ್ತದೆ, ಫೈಲಿನಲ್ಲಿ ಮೊದಲೇ ಇದ್ದದ್ದನ್ನು ಮುಟ್ಟುವುದಿಲ್ಲ. ಮೆಮೊರಿ ಬಿಗಿಯಾದಾಗ ಈ ಖಾಲಿ ಪೇಜುಗಳನ್ನು ಸ್ವಾಪ್‌ಗೆ (ಡಿಸ್ಕ್‌ನಲ್ಲಿನ ಹೆಚ್ಚುವರಿ ಜಾಗ) ತಳ್ಳುವ ಬದಲು ಇನೋಮೆಮ್ (ಮೆಮೊರಿ ಇಲ್ಲ ಎಂಬ ಎರರ್) ಹೇಳಿ ಕೈಬಿಡುತ್ತದೆ. ಸಿಗ್ನಲ್ ಬಂದರೂ ಅಷ್ಟೇ: ಹಿಡಿದದ್ದೆಲ್ಲ ವಾಪಸ್, ಈಐಎನ್‌ಟಿಆರ್ (ನಡುವೆ ತಡೆಯಾಯಿತು ಎಂಬ ಎರರ್). ಮ್ಯಾನ್ ಪೇಜ್ (ಕರೆಯ ಕೈಪಿಡಿ) ಇದಕ್ಕೆ ಅವಕಾಶ ಕೊಡುತ್ತದೆ ಅಂತ ಕೋಡಿನ ಕಾಮೆಂಟಿನಲ್ಲೇ ಇದೆ.

ಅವಕಾಶ ಇತ್ತು, ನಿಜ. ಆದರೆ 10 ಮಿಲಿಸೆಕೆಂಡಿಗೊಮ್ಮೆ ಟೈಮರ್ ಸಿಗ್ನಲ್ ಬರುವ ಪ್ರೋಗ್ರಾಂ ಒಂದನ್ನು ಯೋಚಿಸಿ. ಜಾಗ ಹಿಡಿಯಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಸಿಗ್ನಲ್ ಬರುತ್ತದೆ, ಎಲ್ಲವೂ ವಾಪಸ್. ಕರೆ ಮತ್ತೆ ಶುರು, ಮತ್ತೆ ಸಿಗ್ನಲ್. ಇದು ಮುಗಿಯುವುದೇ ಇಲ್ಲ. ಎಕ್ಸ್‌ವೇಲ್ಯಾಂಡ್‌ನವರು (ಹಳೆಯ ಎಕ್ಸ್ ಅಪ್ಲಿಕೇಶನ್‌ಗಳನ್ನು ವೇಲ್ಯಾಂಡ್ ಪರದೆಯಲ್ಲಿ ಓಡಿಸುವ ಪ್ರೋಗ್ರಾಂ) ಇದನ್ನು ಅನುಭವಿಸಿ, ಆ ಒಂದು ಕರೆ ಮುಗಿಯುವವರೆಗೆ ಸಿಗ್ನಲ್ ತಡೆದಿಟ್ಟುಕೊಂಡರು. ಕರ್ನಲ್ ಮಾಡಬೇಕಾದ ಕೆಲಸ ಅಪ್ಲಿಕೇಶನ್ ಬರೆಯುವವರ ತಲೆಗೆ ಬಂತು ಅಲ್ವಾ?

ಆಮೇಲೆ ಬಂದ ಪ್ಯಾಚ್ (ಕೋಡಿನ ತಿದ್ದುಪಡಿ) ಒಂದೇ ಪರೀಕ್ಷೆಯನ್ನು ಬದಲಿಸಿತು. ಮೊದಲು ಯಾವ ಸಿಗ್ನಲ್ ಬಂದರೂ ನಿಲ್ಲುತ್ತಿತ್ತು. ಈಗ ಪ್ರೋಗ್ರಾಂ ಅನ್ನು ಕೊಲ್ಲುವ ಸಿಗ್ನಲ್ ಬಂದರೆ ಮಾತ್ರ. ಪ್ಯಾಚ್ ಚಿಕ್ಕದಾದರೂ ರಿವ್ಯೂ ಮಾಡುವವರು ಕೇಳಬೇಕಾದ ಪ್ರಶ್ನೆ ಚಿಕ್ಕದಲ್ಲ: ದೊಡ್ಡ ಜಾಗ ಕೇಳಿ ಸಿಕ್ಕಿಕೊಂಡವರು ಹೊರಬರುವುದು ಹೇಗೆ? ಕಂಟ್ರೋಲ್-ಸಿ ಸಾಮಾನ್ಯವಾಗಿ ಈಗಲೂ ಕೆಲಸ ಮಾಡುತ್ತದೆ. ಆದರೆ ಅದನ್ನು ತಾನೇ ಹಿಡಿದು ನಿಭಾಯಿಸುವ ಪ್ರೋಗ್ರಾಂ ಕರೆ ಮುಗಿಯುವವರೆಗೆ ಕಾಯಬೇಕು. ಹಿಡಿದಷ್ಟನ್ನು ಉಳಿಸಿಕೊಂಡು ಮುಂದುವರಿಯಬಹುದಿತ್ತಲ್ಲ ಅಂತಲೂ ಕೇಳಬಹುದು. ಹಾಗೆ ಮಾಡಿದರೆ ಸೋತ ಕರೆ ಅರ್ಧ ಜಾಗ ನುಂಗಿ ಕೂರುತ್ತದೆ, ಅದು ಇನ್ನೂ ಕಷ್ಟ.

ಹಳೆಯ ಕರ್ನಲ್‌ಗಳು ಓಡುತ್ತಿರುವವರೆಗೆ, ಸಿಗ್ನಲ್ ತಡೆಯುವ ಆ ಸಾಲುಗಳನ್ನು ಅಪ್ಲಿಕೇಶನ್‌ಗಳಿಂದ ತೆಗೆಯುವ ಹಾಗಿಲ್ಲ.